ಸೇನಾ ಉದ್ಯೋಗ ಎಂಬ ಹತ್ತು ಅಂಕದ ಪ್ರಶ್ನೆ

ಮೌಲ್ಯಮಾಪನದ ಮೊದಲ ದಿನ, ಮೊದಲ ಕಟ್ಟಿನ ಮೊದಲ ಉತ್ತರಪತ್ರಿಕೆಯಲ್ಲೇ ನನಗೊಬ್ಬ ಹವಾಲ್ದಾರರು ಸಿಕ್ಕಿದರು. ಉತ್ತರ ಬರೆದ ವಿದ್ಯಾರ್ಥಿಗೆ ಅವರು ದೊಡ್ಡಪ್ಪ. ಎದೆಯ ಸುತ್ತಳತೆ ಸಾಲದೆ ಮೊದಲ ಸಲ ವಾಪಸ್ಸು ಬಂದದ್ದು, ಎರಡನೆಯ ಸಲ ಆಯ್ಕೆಯಾದದ್ದು, ಗಡಿಯ ಚಳಿಯಲ್ಲಿ ಕಾಲಿನ ಎರಡು ಬೆರಳು ಕಳೆದುಕೊಂಡದ್ದು, ಎಲ್ಲವೂ ಎರಡು ಪುಟಗಳಲ್ಲಿ ದುಂಡಗಿನ ಅಕ್ಷರಗಳಲ್ಲಿ ಇತ್ತು. ಕೊನೆಯಲ್ಲಿ ಒಂದು ಸಾಲು: "ಆದ್ದರಿಂದ ಸೇನಾ ಉದ್ಯೋಗವು ವಸಾಹತುಶಾಹಿಗಿಂತ ಗೌರವಯುತವಾದುದು."

ನಕ್ಕು ಸೊನ್ನೆ ಹಾಕಿದೆ. ಮುಂದಿನ ಪತ್ರಿಕೆಯಲ್ಲಿ ಸೇನಾ ಭರ್ತಿಯ ಓಟದ ಪರೀಕ್ಷೆಯ ವಿವರ. ಅದಕ್ಕೂ ಸೊನ್ನೆ. ಅದರ ಮುಂದಿನದರಲ್ಲೂ ಸೈನಿಕರ ಸಂಬಳ, ರಜೆ, ಕ್ಯಾಂಟೀನು. ಮೂರನೆಯ ಸೊನ್ನೆ ಬರೆದ ಮೇಲೆ ನನ್ನ ಕೈ ನಿಂತಿತು. ಮೂರು ಬೇರೆ ಬೇರೆ ಕೈಬರಹ, ಒಂದೇ ತಪ್ಪು. ಮಕ್ಕಳು ಒಬ್ಬರದನ್ನೊಬ್ಬರು ನೋಡಿ ಬರೆದಿದ್ದರೆ ಮಾತು ಬೇರೆ. ಇವರು ಮೂವರೂ ಅವರವರ ಮನೆಯ ಸಂಗತಿ ಬರೆದಿದ್ದರು. ಪ್ರಶ್ನೆಪತ್ರಿಕೆಯ ಕನ್ನಡ ಹಾಳೆ ಎಳೆದುಕೊಂಡು ನೋಡಿದೆ.

"ಸೇನಾ ಉದ್ಯೋಗವನ್ನು ವ್ಯಾಖ್ಯಾನಿಸಿ. ಅದು ನಿವಾಸಿ ವಸಾಹತುಶಾಹಿಗಿಂತ ಹೇಗೆ ಭಿನ್ನವಾಗಿದೆ?"

ಕಡ್ಡಾಯ ಪ್ರಶ್ನೆ, ಹತ್ತು ಅಂಕ. ಇಂಗ್ಲಿಷ್ ಮಾಧ್ಯಮದವರಿಗೆ ಬೇರೆ ಹಾಳೆ ಕೊಟ್ಟಿದ್ದರು. ಅದರಲ್ಲಿ ‘ಮಿಲಿಟರಿ ಆಕ್ಯುಪೇಷನ್’ ಎಂದಿತ್ತು. ಒಂದು ದೇಶದ ಸೈನ್ಯ ಇನ್ನೊಂದು ದೇಶದ ನೆಲವನ್ನು ಬಲದಿಂದ ಹಿಡಿದು ಕೂರುವುದಕ್ಕೆ ಹಾಗೆನ್ನುತ್ತಾರೆ. ಅನುವಾದಿಸಿದವರು ಅರ್ಜಿ ನಮೂನೆಗಳಲ್ಲಿ ‘ಆಕ್ಯುಪೇಷನ್’ ಪದಕ್ಕಿರುವ ಅರ್ಥವನ್ನು ಎತ್ತಿ ‘ಉದ್ಯೋಗ’ ಎಂದು ಇಟ್ಟುಬಿಟ್ಟಿದ್ದರು. ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಗೊಂದಲವಿದ್ದಲ್ಲಿ ಇಂಗ್ಲಿಷ್ ಆವೃತ್ತಿಯೇ ಅಂತಿಮ." ಆ ಅಂತಿಮ ಆವೃತ್ತಿಯನ್ನು ಕನ್ನಡದಲ್ಲಿ ಬರೆಯುವ ಮಕ್ಕಳ ಕೈಗೆ ಯಾರೂ ಕೊಟ್ಟಿರಲಿಲ್ಲ.

ಇದು ನಡೆದದ್ದು ಮಂಡ್ಯದ ಒಂದು ಕಾಲೇಜಿನಲ್ಲಿ, ಬಿ.ಎ. ಕೊನೆಯ ವರ್ಷದ ಪತ್ರಿಕೆಗಳ ಮೌಲ್ಯಮಾಪನ ಕೇಂದ್ರದಲ್ಲಿ. ನಾನು ಮದ್ದೂರಿನಲ್ಲಿ ರಾಜ್ಯಶಾಸ್ತ್ರ ಕಲಿಸುವವಳು. ಮಳವಳ್ಳಿ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಆ ವಾರವೇ ಬುದ್ಧ ಪೂರ್ಣಿಮೆ ಬಿದ್ದಿತ್ತು. ರಜೆ ಕೇಳಿದರೆ ಕರ್ತವ್ಯಕ್ಕೆ ಗೈರು ಎಂದು ಬರೆಯುತ್ತಾರೆಂದು ಅವ್ವನೊಬ್ಬಳನ್ನೇ ಬುದ್ಧ ವಿಹಾರಕ್ಕೆ ಕಳಿಸಿ ಬಂದಿದ್ದೆ.

ಪಕ್ಕದ ಕುರ್ಚಿಯಲ್ಲಿ ಬಸರಾಳಿನ ಕಡೆಯ ಸಹೋದ್ಯೋಗಿಯೊಬ್ಬರು ಕೂತಿದ್ದರು. ಸೇನೆಯಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಎಂ.ಎ. ಓದಿ ಉಪನ್ಯಾಸಕರಾದವರು. ಅವರಿಗೆ ಹಾಳೆ ತೋರಿಸಿದೆ. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ನಾನು ಇಪ್ಪತ್ತು ವರ್ಸ ಮಾಡಿದ್ದು ಇದೇ ಉದ್ಯೋಗ. ನಂಗೆ ಹತ್ತಕ್ಕೆ ಹತ್ತು ಹಾಕ್ಬುಡಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ, "ನನ್ ಕಟ್ನಾಗೂ ಇವೇ ಅವೆ. ಬೆಳಿಗ್ಗಿಂದ ಆರು ಜನಕ್ಕೆ ಸೊನ್ನೆ ಹಾಕಿವ್ನಿ. ಮಕ್ಕಳು ಓದಿಲ್ಲ ಅಂದ್ಕಂಡೆ," ಎಂದರು.

ನಮ್ಮ ಕೈಗೆ ಕೊಟ್ಟಿದ್ದ ಮಾದರಿ ಉತ್ತರ, ಅಂದರೆ ‘ಸ್ಕೀಮ್’, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅದರ ಪ್ರಕಾರ ದೊಡ್ಡಪ್ಪಂದಿರ ಕಥೆಗೆಲ್ಲ ಸೊನ್ನೆಯೇ. ಆ ಪ್ರಶ್ನೆಯ ಅಂಕದ ಜಾಗ ಖಾಲಿ ಬಿಟ್ಟು ಉಳಿದದ್ದನ್ನು ತಿದ್ದುತ್ತಾ ಹೋದೆ. ಮಧ್ಯಾಹ್ನ ಒಂದು ಪತ್ರಿಕೆ ಸಿಕ್ಕಿತು. ಅದನ್ನು ಬರೆದವರು ಉತ್ತರದ ಮೊದಲೇ ಹೀಗೆ ಬರೆದಿದ್ದರು: "ಉದ್ಯೋಗ ಎಂಬ ಪದ ತಪ್ಪಿರಬಹುದು. ಪರರ ನೆಲದಲ್ಲಿ ಸೈನ್ಯ ಕೂರುವುದರ ಬಗ್ಗೆ ಕೇಳಿದ್ದಾರೆಂದು ತಿಳಿದು ಉತ್ತರಿಸುತ್ತೇನೆ." ಮುಂದಕ್ಕೆ, ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಇಂಗ್ಲಿಷರ ದಂಡು ಕೂತಿತು, ಆದರೆ ಇಂಗ್ಲೆಂಡಿನ ರೈತರು ಬಂದು ನಮ್ಮ ಸೀಮೆಯ ಗದ್ದೆ ಉಳಲಿಲ್ಲ, ಆಸ್ಟ್ರೇಲಿಯಾಕ್ಕೆ ಹೋದವರು ಉಳುವುದಕ್ಕೇ ಹೋದರು, ಮನೆ ಕಟ್ಟಿದರು, ಮೊದಲೇ ಇದ್ದವರನ್ನು ಇರಲೇ ಇಲ್ಲ ಎಂದರು, ಎಂದಿತ್ತು. ಎರಡು ಸಲ ಓದಿದೆ. ಮುಖಪುಟದಲ್ಲಿ ಸಂಕೇತ ಸಂಖ್ಯೆ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಯಾವ ಊರಿನ ಮಗುವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಪರೀಕ್ಷಾ ಮಂಡಳಿಯ ಅಧ್ಯಕ್ಷರು ಕೇಂದ್ರಕ್ಕೆ ಬಂದರು. ಬಾಗಿಲಲ್ಲೇ ನನಗೆ ಅವರ ಗುರುತು ಹತ್ತಿತು.

ಹನ್ನೊಂದು ವರ್ಷದ ಹಿಂದೆ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ನನ್ನನ್ನು ಸಂದರ್ಶಿಸಿದವರು ಇವರೇ. ‘ಸಾರ್ವಭೌಮತ್ವ’ಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಕೇಳಿದ್ದರು. ನನಗೆ ಉಚ್ಚಾರಣೆ ತಿರುಗಲಿಲ್ಲ. ಇನ್ನೊಮ್ಮೆ ಹೇಳಿಸಿದರು. ಮೂರನೆಯ ಸಲವೂ ಹೇಳಿಸಿ ಪಕ್ಕದವರತ್ತ ತಿರುಗಿ, "ಇದು ಮಳವಳ್ಳಿಯ ಸಾವರಿನ್ಟಿ," ಎಂದು ನಕ್ಕರು. ಆಮೇಲೆ ನನ್ನ ಅಂಕಪಟ್ಟಿ ಹಿಂದಕ್ಕೆ ತಳ್ಳುತ್ತಾ, "ಕನ್ನಡದಲ್ಲಿ ಓದಿದವರಿಗೆ ಪರಿಭಾಷೆ ದಕ್ಕೋದಿಲ್ಲಮ್ಮ. ನಿಮ್ಮಂಥವರು ಹೈಸ್ಕೂಲು ನೋಡ್ಕೊಳ್ಳಿ," ಎಂದಿದ್ದರು. ನಾನು ಎಂ.ಎ.ಯಲ್ಲಿ ಮೊದಲ ದರ್ಜೆಯವಳು. ಆ ಕೋಣೆಯಿಂದ ಹೊರಗೆ ಬಂದು ಬಸ್ ನಿಲ್ದಾಣದವರೆಗೆ ನಡೆದದ್ದು ನನಗೆ ಹೆಜ್ಜೆ ಹೆಜ್ಜೆ ನೆನಪಿದೆ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಕಾಯಂ ಕೆಲಸಕ್ಕೆ ಸೇರಿದ ದಿನವೂ ನೆನಪಾದದ್ದು ಆ ನಡಿಗೆಯೇ.

ಅವರಿಗೆ ನನ್ನ ಗುರುತು ಹತ್ತಲಿಲ್ಲ. ಎದ್ದು ನಿಂತು ಪ್ರಶ್ನೆಯ ದೋಷ ಹೇಳಿದೆ.

"ಏನ್ರೀ ತಪ್ಪು ಅದರಲ್ಲಿ? ಆಕ್ಯುಪೇಷನ್ ಅಂದ್ರೆ ಉದ್ಯೋಗ ತಾನೇ? ನಾನೇ ನೋಡಿ ಓಕೆ ಮಾಡಿರೋದು," ಎಂದರು.

ನಾನೇ ನೋಡಿ ಓಕೆ ಮಾಡಿರೋದು. ಮೂವತ್ತು ಜನರ ಎದುರು ಅವರ ಬಾಯಿಂದಲೇ ಬಂತು. ಸಿಕ್ಕಿದ ಎಂದುಕೊಂಡೆ.

"ಸಾರ್, ಹಾಗಾದ್ರೆ ಮಿಲಿಟರಿ ಕೆಲಸಕ್ಕೂ ವಸಾಹತುಶಾಹಿಗೂ ಏನ್ ವ್ಯತ್ಯಾಸ ಅಂತ ಬರೀಬೇಕಿತ್ತು ಮಕ್ಕಳು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಮೊಬೈಲಿನಲ್ಲಿ ಏನೋ ಹುಡುಕಿದರು, ಮುಖ ಗಂಟಿಕ್ಕಿದರು, ಮೊಬೈಲು ಜೇಬಿಗಿಟ್ಟರು. "ಕೆಳಗೆ ಬರೆದಿದೆಯಲ್ಲ, ಇಂಗ್ಲಿಷ್ ಆವೃತ್ತಿಯೇ ಅಂತಿಮ ಅಂತ."

ಆಗ ನಾನೊಂದು ದಡ್ಡತನ ಮಾಡಿದೆ. ಪದ ತಪ್ಪಾಗಿದೆಯೆಂದು ಉತ್ತರ ಬರೆದವರೊಬ್ಬರೇ ಗುರುತಿಸಿದ್ದಾರೆ ಎಂದು ಆ ಶ್ರೀರಂಗಪಟ್ಟಣದ ಉತ್ತರವನ್ನು ತೋರಿಸಿದೆ. ಅವರು ಓದಿದರು. ಮುಖ ಅರಳಿತು.

"ನೋಡಿ, ಇಲ್ಲೇ ಇದೆಯಲ್ಲ ಉತ್ತರ! ಓದಿದವರಿಗೆ ಅರ್ಥ ಆಗಿದೆ. ಓದದವರು ದೊಡ್ಡಪ್ಪನ ಕಥೆ ಬರೆದಿದ್ದಾರೆ. ಸ್ಕೀಮ್ ಪ್ರಕಾರ ಹಾಕ್ಕೊಂಡು ಹೋಗಿ." ಹೊರಡುವ ಮೊದಲು ಕೇಂದ್ರದ ಮುಖ್ಯಸ್ಥೆಗೆ ಹೇಳಿದರು, "ಈ ಮೇಡಂಗೆ ಇಂಗ್ಲಿಷ್ ಕಟ್ಟು ಕೊಡಿ. ಕನ್ನಡದ್ದನ್ನ ಬೇರೆಯವರು ನೋಡ್ಲಿ."

ನನ್ನ ಮೇಜಿನಿಂದ ಕನ್ನಡದ ಕಟ್ಟುಗಳನ್ನು ಎತ್ತಿಕೊಂಡು ಹೋದರು. ನಾನು ಹಾಕಿದ ಮೂರು ಸೊನ್ನೆಗಳೂ ಅದರೊಳಗೆ ಹೋದವು.

ಸಂಜೆ ಮನೆಗೆ ಬಂದಾಗ ಅವ್ವ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಯಾಕಮ್ಮಿ, ಮೊಕ ಇಂಗದೆ?"

ಹೇಳಿದೆ. ಹನ್ನೊಂದು ವರ್ಷದ ಹಿಂದಿನದೂ ಅವಳಿಗೆ ಗೊತ್ತಿತ್ತು. ಕೈ ನಿಲ್ಲಿಸಲಿಲ್ಲ.

"ಅವತ್ತು ನಿನ್ನೊಬ್ಬುಳ್ನ ಅಂದ. ಇವತ್ತು ಅಷ್ಟೂ ಮಕ್ಕಳ್ನ ಅಂದವ್ನೆ. ಬುಡ್ಬ್ಯಾಡ ಕಣಮ್ಮಿ ಅವುನ್ನ."

"ಪೇಪರ್‌ನೋರಿಗೆ ಕೊಡ್ಲಾ?"

"ಅದೆಲ್ಲ ನಂಗೊತ್ತಿಲ್ಲ. ಅವ್ನ ಬಾಯಿಂದ್ಲೇ ತಪ್ಪಾಯ್ತು ಅನ್ನುಸ್ಬೇಕು."

ಪತ್ರಿಕೆಯವರಿಗೆ ಫೋನು ಮಾಡುವ ಆಸೆ ನನಗೆ ಬಹಳ ಇತ್ತು. ಮುಖಪುಟದಲ್ಲಿ ಅವರ ಭಾವಚಿತ್ರ, ಕೆಳಗೆ ‘ಸೇನಾ ಉದ್ಯೋಗ’ ಎಂಬ ತಲೆಬರಹ. ಬಸ್ಸಿನಲ್ಲಿ ಕೂತು ಎಷ್ಟು ಸಲ ಆ ಪುಟವನ್ನು ಮನಸ್ಸಿನಲ್ಲೇ ಅಚ್ಚು ಹಾಕಿದೆನೋ. ಬೆಳಿಗ್ಗೆ ಪಕ್ಕದ ಕುರ್ಚಿಯ ಮಾಜಿ ಸೈನಿಕರಿಗೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು.

"ಒಂದಿನ ಉಗೀತಾರೆ ಮೇಡಂ. ಆಮೇಕೆ ಕಮಿಟಿ ಮಾಡ್ತಾರೆ. ಕಮಿಟಿ ಮುಗಿಯೋ ಒತ್ಗೆ ನಾವು ಪತ್ರಿಕೆ ತಿದ್ದಿ ಮನೆಗೋಗಿರ್ತೀವಿ. ಸೊನ್ನೆ ಸೊನ್ನೆಯಾಗೇ ಇರ್ತದೆ. ರೂಲ್ಸ್ ಬುಕ್ಕು ನೋಡುಮ, ತಗೀರಿ."

ಮೌಲ್ಯಮಾಪನದ ಸೂಚನಾ ಪುಸ್ತಿಕೆಯನ್ನು ಯಾರೂ ಓದುವುದಿಲ್ಲ. ನಾವಿಬ್ಬರೂ ಮೊದಲಿನಿಂದ ಕೊನೆಯವರೆಗೆ ಓದಿದೆವು. ಪ್ರಶ್ನೆ ದೋಷಪೂರಿತವಾಗಿದ್ದರೆ ಮೌಲ್ಯಮಾಪಕರು ಕೇಂದ್ರದ ಮುಖ್ಯಸ್ಥರ ಮೂಲಕ ಲಿಖಿತ ವರದಿ ಕೊಡಬಹುದು, ಅದು ಮೂರನೆಯ ದಿನ ಮುಗಿಯುವುದರೊಳಗೆ ತಲುಪಬೇಕು, ಜೊತೆಗೆ ಸರಿಯಾದ ಉತ್ತರದ ಸಾರಾಂಶವಿರಬೇಕು ಎಂದಿತ್ತು. ಅಂದೇ ಮೂರನೆಯ ದಿನ.

ಊಟದ ವಿರಾಮದಲ್ಲಿ ಒಂದು ಪುಟ ಬರೆಯಲು ಕೂತೆ. ‘ಸೇನಾ ಸ್ವಾಧೀನ’ ಎಂಬ ಪದ ಇಟ್ಟೆ. ಇನ್ನೊಂದಕ್ಕೆ ‘ನಿವಾಸಿ ವಸಾಹತುಶಾಹಿ’ ಬೇಡವೆನಿಸಿತು. ನಿವಾಸಿ ಎಂದರೆ ಮೊದಲೇ ಇದ್ದವನೂ ಆಗಬಹುದು. ‘ನೆಲೆಯೂರುವ ವಸಾಹತುಶಾಹಿ’ ಎಂದು ಬರೆದೆ. ಸೇನಾ ಸ್ವಾಧೀನದಲ್ಲಿ ಪರದೇಶದ ಸೈನ್ಯದ ಹಿಡಿತವಿರುತ್ತದೆ, ಸಾರ್ವಭೌಮತ್ವ ಮಾತ್ರ ಅದಕ್ಕೆ ದಾಟುವುದಿಲ್ಲ. ಕಾನೂನಿನ ಕಣ್ಣಲ್ಲಿ ಅದು ತಾತ್ಕಾಲಿಕ. ಅಲ್ಲಿದ್ದ ಕಾಯಿದೆಗಳನ್ನು ಸಾಧ್ಯವಾದಷ್ಟೂ ಹಾಗೇ ಉಳಿಸಬೇಕು, ಜನರ ಜೀವನ ನಡೆಯುವಂತೆ ನೋಡಿಕೊಳ್ಳಬೇಕು, ತನ್ನ ದೇಶದ ಜನರನ್ನು ತಂದು ಅಲ್ಲಿ ಕೂರಿಸಬಾರದು. ಇಷ್ಟು ಬರೆದು ಮಾಜಿ ಸೈನಿಕರಿಗೆ ಓದಿ ಹೇಳಿದೆ. ಅವರು ಹಿಂದೆ ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕಾಕ್ಕೆ ಹೋಗಿದ್ದವರು.

"ನಾವೂ ಅಲ್ಲಿ ಗನ್ ಇಟ್ಕಂಡು ಕೂತಿದ್ದೊ. ಅದೂ ಸ್ವಾಧೀನವ?"

"ಅಲ್ಲಿನ ಸರ್ಕಾರ ಒಪ್ಪಿತ್ತಲ್ವಾ ಸಾರ್?"

"ಒಪ್ಪಿತ್ತು. ಹಂಗಾದ್ರೆ ಒಪ್ಪಿಗೆ ಇಲ್ದೆ ಅಂತ ಸೇರ್ಸಿ. ಇಲ್ದಿದ್ರೆ ನನ್ನಂಥ ಮಡ್ಡ ಕೇಳ್ತಾನೆ."

ಸೇರಿಸಿದೆ. ಎರಡನೆಯದು ಬರೆಯುವುದು ಸುಲಭವಾಯಿತು. ನೆಲೆಯೂರಲು ಬಂದವರು ವಾಪಸ್ಸು ಹೋಗುವ ಲೆಕ್ಕದಲ್ಲಿ ಬಂದಿರುವುದಿಲ್ಲ. ಅವರಿಗೆ ಬೇಕಾದದ್ದು ನೆಲ. ಅಲ್ಲಿದ್ದವರನ್ನು ತೆಗೆದುಹಾಕುವುದು, ಓಡಿಸುವುದು, ತಮ್ಮೊಳಗೆ ಕರಗಿಸಿಕೊಳ್ಳುವುದು, ಊರ ಹೆಸರು ಬದಲಿಸುವುದು, ಹೀಗೆ ಒಂದೊಂದಾಗಿ ನಡೆಯುತ್ತದೆ. ಸೈನ್ಯ ಹಿಂದಕ್ಕೆ ಹೋದರೆ ಸ್ವಾಧೀನ ಮುಗಿಯುತ್ತದೆ. ನೆಲೆಯೂರಿದವರ ಆಳ್ವಿಕೆ ಸೈನ್ಯ ಹೋದ ಮೇಲೂ ಉಳಿಯುತ್ತದೆ, ಏಕೆಂದರೆ ಅವರೇ ದೇಶವಾಗಿಬಿಟ್ಟಿರುತ್ತಾರೆ. ಸ್ವಾಧೀನದಲ್ಲಿರುವ ನೆಲಕ್ಕೆ ಗೆದ್ದವರು ತಮ್ಮ ಜನರನ್ನು ತಂದು ತುಂಬಿದರೆ ಮೊದಲನೆಯದು ಎರಡನೆಯದಾಗಿ ಬದಲಾಗುತ್ತದೆ. ಎರಡರ ವ್ಯತ್ಯಾಸ ಕೇಳುವುದು ಅದಕ್ಕೇ ಮುಖ್ಯ ಎಂದು ಮುಗಿಸಿದೆ. ಆ ಪುಟದಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಬಳಸಲಿಲ್ಲ. ಅದು ಪಾಠದ ಅಗತ್ಯವಾಗಿರಲಿಲ್ಲ, ನನ್ನ ಸೇಡಿನ ಅಗತ್ಯವಾಗಿತ್ತು.

ಸಹಿ ಕೇಳುತ್ತಾ ಮೇಜಿನಿಂದ ಮೇಜಿಗೆ ಹೋದೆ. "ಮುಂದಿನ ಸಲ ಡ್ಯೂಟಿ ಹಾಕಲ್ಲ ಮೇಡಂ," ಎಂದು ಹಲವರು ತಲೆ ಎತ್ತಲಿಲ್ಲ. ಒಂಬತ್ತು ಜನ ಹಾಕಿದರು. ಕೇಂದ್ರದ ಮುಖ್ಯಸ್ಥೆ ಹತ್ತಿರದ ಕಾಲೇಜೊಂದರ ಪ್ರಾಂಶುಪಾಲೆ, ಮಾತು ಕಡಿಮೆ. ವರದಿ ಓದಿ, ಗಡಿಯಾರ ನೋಡಿ, ಸ್ವೀಕೃತಿಯ ಮುದ್ರೆ ಒತ್ತಿ, ವೇಳೆಯನ್ನೂ ಬರೆದರು. "ವೇಳೆ ಬರೀದಿದ್ರೆ ಲೇಟಾಗಿ ಬಂತು ಅಂತಾರೆ," ಎಂದಷ್ಟೇ ಹೇಳಿದರು.

ಐದನೆಯ ದಿನ ಅಧ್ಯಕ್ಷರು ಮತ್ತೆ ಬಂದರು. ಮುಖ್ಯಸ್ಥೆಯ ಕೊಠಡಿಯಲ್ಲಿ ನಾವು ನಾಲ್ವರು: ಅವರು, ಮುಖ್ಯಸ್ಥೆ, ಮಾಜಿ ಸೈನಿಕರು, ನಾನು. ವರದಿ ದಾಖಲಾಗಿದ್ದರಿಂದ ಈ ಸಲ ತಳ್ಳಿಹಾಕುವಂತಿರಲಿಲ್ಲ. ಅವರೇ ಒಂದು ಆದೇಶ ಬರೆದುಕೊಂಡು ಬಂದಿದ್ದರು. ಪ್ರಶ್ನೆಯಲ್ಲಿ ‘ಮುದ್ರಣ ದೋಷ’ವಿದ್ದು, ಉತ್ತರಿಸಲು ಯತ್ನಿಸಿದ ಎಲ್ಲ ಕನ್ನಡ ಮಾಧ್ಯಮದವರಿಗೂ ಪೂರ್ಣ ಅಂಕ ನೀಡುವುದು, ಎಂದಿತ್ತು.

"ಮುದ್ರಣ ದೋಷ ಅಲ್ಲ ಸಾರ್, ಅನುವಾದ ದೋಷ," ಎಂದೆ.

"ಯಾವುದಾದರೇನಮ್ಮ? ಮಕ್ಕಳಿಗೆ ಮಾರ್ಕ್ಸ್ ಸಿಗುತ್ತಲ್ಲ."

"ಪ್ರೆಸ್ಸಿನವರು ಮಾಡದ ತಪ್ಪು ಅದು."

ಮುಖ್ಯಸ್ಥೆ ನಡುವೆ ಬಂದರು. "ಅನುವಾದ ದೋಷ ಅಂತ ಬರೆದರೆ ವಿಚಾರಣಾ ಸಮಿತಿ ಆಗಬೇಕು. ಅಲ್ಲಿವರೆಗೆ ಈ ಪತ್ರಿಕೆಯ ಕೆಲಸ ನಿಲ್ಲುತ್ತೆ. ಫಲಿತಾಂಶ ತಡವಾದರೆ ಬಿ.ಎಡ್. ಅರ್ಜಿ ಹಾಕೋರಿಗೆ ಈ ವರ್ಷ ಹೋಯ್ತು. ಮುದ್ರಣ ದೋಷ ಅಂದರೆ ಇವತ್ತೇ ಜಾರಿ. ಮುದ್ರಣಾಲಯಕ್ಕೆ ವಿವರಣೆ ಕೇಳಿ ಒಂದು ನೋಟಿಸು ಹೋಗುತ್ತೆ, ಅಷ್ಟೆ."

ಮೂವರೂ ನನ್ನನ್ನು ನೋಡಿದರು. ಅಧ್ಯಕ್ಷರ ತುಟಿಯ ಮೇಲೆ ಹನ್ನೊಂದು ವರ್ಷದ ಹಿಂದೆ ಕಂಡಿದ್ದ ಅದೇ ನಗುವಿತ್ತು. ಮಕ್ಕಳ ಹೆಸರು ಹೇಳಿ ನನ್ನ ಕೈ ಕಟ್ಟಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಸಮಿತಿಯಾಗಲಿ, ಇವರ ಮುಖ ಬೀದಿಗೆ ಬರಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು.

ಆಗ ‘ನೋಟಿಸು’ ಎಂಬ ಮಾತು ತಲೆಯಲ್ಲಿ ಇನ್ನೊಮ್ಮೆ ಕೇಳಿಸಿತು. ನಾನು ಕೆಲಸವಿಲ್ಲದ ದಿನಗಳಲ್ಲಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಅಚ್ಚಿನವರು ಸಹಿಯಿರುವ ಹಸ್ತಪ್ರತಿಯನ್ನು ಬೀರುವಿನಿಂದ ಹೊರಗೆ ಬಿಡುವುದಿಲ್ಲ. ತಪ್ಪು ತಮ್ಮ ತಲೆಗೆ ಬಂದ ದಿನ ಅವರು ಮೊದಲು ತೆಗೆಯುವುದು ಅದನ್ನೇ.

"ಆಗಲಿ ಸಾರ್. ಮುದ್ರಣ ದೋಷ ಅಂತಲೇ ಇರಲಿ," ಎಂದೆ. "ಕೆಳಗೆ ಸಹಿ ಮಾತ್ರ ನಿಮ್ಮದೇ ಇರಲಿ. ಸರಿ ಉತ್ತರ ಅಂತ ನನ್ನ ಪುಟ ಲಗತ್ತಿಸಬೇಕು. ಖಾಲಿ ಬಿಟ್ಟವರಿಗೂ ಅಂಕ ಕೊಡಬೇಕು."

ಖಾಲಿ ಬಿಟ್ಟವರಿಗೆ ಕೊಡಲು ನಿಯಮವಿಲ್ಲ ಎಂದು ಮುಖ್ಯಸ್ಥೆ ಪುಸ್ತಿಕೆ ತೋರಿಸಿದರು. ಅಲ್ಲಿ ನಾನು ಸೋತೆ. ಅಧ್ಯಕ್ಷರು ಉಳಿದದ್ದಕ್ಕೆ ಒಪ್ಪಿ, ಇಂಕು ಪೆನ್ನು ತೆಗೆದು ಉದ್ದನೆಯ ಸಹಿ ಹಾಕಿದರು. ಅವರು ಹಾಕುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ.

ಅಂದೇ ಮಧ್ಯಾಹ್ನ ಕಟ್ಟಿದ್ದ ಕಟ್ಟುಗಳನ್ನು ಬಿಚ್ಚಿದರು. ನನ್ನ ಮೂರು ಸೊನ್ನೆಗಳನ್ನು ನಾನೇ ಕೇಳಿ ತರಿಸಿಕೊಂಡೆ. ಸೊನ್ನೆಯ ಮೇಲೆ ಕೆಂಪು ಗೆರೆ ಹೊಡೆದು, ಪಕ್ಕದಲ್ಲಿ ಹತ್ತು ಬರೆದು, ಚಿಕ್ಕ ಸಹಿ ಹಾಕಿ, ಮುಖಪುಟದ ಒಟ್ಟು ಮೊತ್ತ ತಿದ್ದಿ, ಅಂಕಪಟ್ಟಿಯಲ್ಲೂ ತಿದ್ದಿದೆ. ಬೆರಳು ಕಳೆದುಕೊಂಡ ಹವಾಲ್ದಾರರ ಮನೆಯ ಮಗು ಪಾಸಾಯಿತು.

ಫಲಿತಾಂಶ ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ಬಂದ ಮರುದಿನವೇ ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಪ್ರಶ್ನೆಪತ್ರಿಕೆಯ ಮುದ್ರಣ ದೋಷದ ಬಗ್ಗೆ ಮುದ್ರಣಾಲಯಕ್ಕೆ ಕೊಟ್ಟ ನೋಟಿಸು, ಅದಕ್ಕೆ ಬಂದ ಉತ್ತರ, ಎರಡರ ಪ್ರತಿ ಬೇಕೆಂದು. ‘ಗೌಪ್ಯ’ ಎಂದು ಉತ್ತರ ಬಂತು. ಪರೀಕ್ಷೆ ಮುಗಿದಿದೆ, ಪ್ರಶ್ನೆಪತ್ರಿಕೆ ಎಲ್ಲರ ಮನೆಯಲ್ಲಿದೆ, ಗೌಪ್ಯವಾದದ್ದು ಯಾವುದು ಎಂದು ಮೇಲ್ಮನವಿ ಹಾಕಿದೆ. ವಿಚಾರಣೆಗೆ ರಜೆ ಹಾಕಿ ಹೋದೆ. ಒಂದು ಸಲ ಅಧಿಕಾರಿಯೇ ಬರಲಿಲ್ಲ. ಎರಡನೆಯ ಸಲ ಕಡತ ಸಿಗಲಿಲ್ಲ. ಮೂರನೆಯ ಸಲ ಮಾಜಿ ಸೈನಿಕರೂ ಜೊತೆಗೆ ಬಂದು, ಕಡತ ಸಿಗುವವರೆಗೆ ಎದುರಿನ ಬೆಂಚಿನಲ್ಲಿ ಅಲುಗಾಡದೆ ಕೂತರು. ಸಿಕ್ಕಿತು.

ನಾನು ಎಣಿಸಿದಂತೆಯೇ ಆಗಿತ್ತು. ‘ನಮ್ಮಲ್ಲಿ ದೋಷವಾಗಿಲ್ಲ’ ಎಂದು ಮುದ್ರಣಾಲಯದವರು ಹಸ್ತಪ್ರತಿಯ ನಕಲನ್ನೇ ಲಗತ್ತಿಸಿದ್ದರು. ಅಧ್ಯಕ್ಷರ ಕೈಬರಹದಲ್ಲಿ ‘ಸೇನಾ ಉದ್ಯೋಗ’, ಪಕ್ಕದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಒಕ್ಕಣೆ, ಕೆಳಗೆ ಅದೇ ಉದ್ದನೆಯ ಸಹಿ. ಮುದ್ರಣ ದೋಷವೆಂದು ಹೇಳಿದ ಆದೇಶದ ಸಹಿಯೂ ಅದೇ. ಬರೀ ಅನುವಾದದ ತಪ್ಪಾಗಿದ್ದರೆ ಕಣ್ತಪ್ಪು ಎಂದು ಬಿಡುತ್ತಿದ್ದರೇನೋ. ಈಗ ಅದು ಸುಳ್ಳಾಗಿತ್ತು, ಅದೂ ಆದೇಶದ ರೂಪದಲ್ಲಿ. ಎರಡು ಹಾಳೆಗಳನ್ನೂ ಒಟ್ಟಿಗೆ ಪಿನ್ ಹಾಕಿ ಕುಲಪತಿಗಳಿಗೆ ದೂರು ಕೊಟ್ಟೆ. ದೂರಿನಲ್ಲಿ ವಿಶೇಷಣ ಒಂದನ್ನೂ ಬಳಸಲಿಲ್ಲ.

ಅವರು ಲಿಖಿತವಾಗಿ ತಪ್ಪೊಪ್ಪಿಕೊಳ್ಳಬೇಕಾಯಿತು. ಮಂಡಳಿಯಿಂದ ತೆಗೆದರು, ಪರೀಕ್ಷಾ ಕೆಲಸಗಳಿಗೆ ಮುಂದೆ ಕರೆಯಕೂಡದೆಂದು ಬರೆದರು. ಆ ಪತ್ರದ ಪ್ರತಿ ನನಗೂ ಬಂತು. ಅವ್ವನಿಗೆ ಓದಿ ಹೇಳಿದೆ. "ಇನ್ನೊಂದ್ಸಲ ಓದು," ಎಂದಳು.

ಒಂದು ವಾರದ ಮೇಲೆ ಅವರದೇ ಫೋನು ಬಂತು. ದನಿ ಕುಗ್ಗಿತ್ತು.

"ನನಗೂ ನಿಮಗೂ ಏನಮ್ಮ ದ್ವೇಷ? ಮಾರ್ಕ್ಸ್ ಕೊಟ್ಟಿದ್ದೆನಲ್ಲ."

ಸಂದರ್ಶನದ ದಿನ, ಕೋಣೆ, ಆಡಿದ ಮಾತು, ಎಲ್ಲ ಹೇಳಿದೆ.

"ನನಗೆ ನೆನಪೇ ಇಲ್ಲಮ್ಮ," ಎಂದರು. ಸುಳ್ಳು ಹೇಳುತ್ತಿರಲಿಲ್ಲ ಎನಿಸಿತು. "ಸಾಯಂಕಾಲ ಮೊಮ್ಮಗಳು ಕೇಳಿದಳು, ತಾತ ನೀನು ಏನ್ ತಪ್ಪು ಮಾಡಿದೆ ಅಂತ."

ನಾನು ಫೋನಿಟ್ಟೆ. ಆ ದಿನವೆಲ್ಲ ಮನಸ್ಸಿಗೆ ಒಂಥರಾ ಆಯಿತು. ಮುದುಕರು, ಸ್ವಲ್ಪ ಅತಿಯಾಯಿತೇನೋ ಎಂದುಕೊಂಡೆ. ಎರಡು ದಿನ ಹಾಗೇ ಇತ್ತು.

ಮೂರನೆಯ ದಿನ ಕಾಲೇಜಿನಲ್ಲಿ ಪೂರಕ ಪರೀಕ್ಷೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಒಬ್ಬ ಹುಡುಗಿ ಬಂದಳು. ಕೊಕ್ಕರೆ ಬೆಳ್ಳೂರಿನ ಕಡೆಯವಳು, ನನ್ನದೇ ತರಗತಿಯವಳು, ಓದುವವಳು. ನನ್ನ ವಿಷಯದಲ್ಲೇ ನಾಲ್ಕು ಅಂಕಕ್ಕೆ ಹೋಗಿತ್ತು. ಬಿ.ಎಡ್. ಸೇರುವುದು ತಪ್ಪಿ, ಮನೆಯಲ್ಲಿ ಗಂಡು ನೋಡಲು ಶುರು ಮಾಡಿದ್ದರು.

"ಆ ಕಡ್ಡಾಯ ಪ್ರಶ್ನೆಗೆ ಏನು ಬರೆದಿದ್ದೆ?" ಎಂದು ಕೇಳಿದೆ.

"ಬುಟ್ಬುಟ್ಟೆ ಮೇಡಂ. ನೀವು ಸೇನಾ ಉದ್ಯೋಗ ಅಂತ ಪಾಠ ಮಾಡಿರ್ಲಿಲ್ವಲ್ಲ. ಗೊತ್ತಿಲ್ದೇ ಇರೋದ್ನ ಬರೀಬ್ಯಾಡಿ ಅಂತ ನೀವೇ ಹೇ‌ಳ್ತಿದ್ರಿ."

ಅರ್ಜಿಗೆ ಸಹಿ ಹಾಕಿದೆ. ಅವಳನ್ನು ಕೂರಿಸಿಕೊಂಡು ಸೇನಾ ಸ್ವಾಧೀನದಿಂದ ಪಾಠ ಶುರು ಮಾಡಿದೆ. ಅವಳ ಮನೆಗೆ ಭಾನುವಾರ ಹೋಗಿ ಅವಳ ಅಪ್ಪನ ಹತ್ತಿರ ಮಾತಾಡುತ್ತೇನೆಂದೂ ಹೇಳಿದೆ. ಆ ಅಧ್ಯಕ್ಷರ ಬಗ್ಗೆ ಎರಡು ದಿನ ಹುಟ್ಟಿದ್ದ ಕನಿಕರ ಅಂದು ಸಂಜೆಗೆ ಪೂರ್ತಿ ಹೋಗಿತ್ತು, ಮತ್ತೆ ಬರಲಿಲ್ಲ.